ಮುರುಗಲು ನೀರು ಕುಡಿದರೆ ಹೊಟ್ಟೆ ಕರಗುತ್ತಾ?

“ಮಾಸ್ತರೇ, ಖಾಲಿ ಹೊಟ್ಟೆಗೆ ಮುರುಗಲು ಸಿಪ್ಪೆ ನೆನೆಸಿದ ನೀರು ಕುಡಿದರೆ ಕೊಬ್ಬು ಕರಗ್ತದಂತೆ, ಹೌದಾ?”

ಇಲ್ಲ.

ಹೋದ ಬೇಸಿಗೆಯಲ್ಲೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ಬೇಸಿಗೆಯಲ್ಲೂ. ಕುಮಟಾದವರು ಮುರುಗಲು ಅನ್ನುತ್ತಾರೆ, ಕಾರವಾರದವರು ಕೋಕಂ ಅನ್ನುತ್ತಾರೆ, ಸಿದ್ದಾಪುರದವರು ಉಪ್ಪಾಗೆ ಹಿಡಿದುಕೊಂಡು ಬರುತ್ತಾರೆ. ಮುರುಗಲು, ಕೋಕಂ ಒಂದೇ ಹಣ್ಣು, ಉಪ್ಪಾಗೆ ಅದೇ ಕುಲದ ಇನ್ನೊಂದು ಹುಳಿಹಣ್ಣು. ಆಸೆ ಮಾತ್ರ ಎಲ್ಲರದ್ದೂ ಒಂದೇ.

ಈ ನಂಬಿಕೆಯ ಬೇರು ಎಲ್ಲಿದೆ ಅಂತ ನನಗೆ ಗೊತ್ತು. ಬಚ್ಚಲಲ್ಲಿ. ತಾಮ್ರದ ಹಂಡೆಗೆ ಹುಳಿ ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಹಾಗಾದರೆ ಹೊಟ್ಟೆಯೊಳಗಿನ ಜಿಡ್ಡೂ ಹೋಗಬೇಕು, ಅಲ್ವಾ? ಸ್ವಲ್ಪ ತಾಳಿ. ಹಂಡೆಯಿಂದ ಹುಳಿ ತೆಗೆದದ್ದು ಕಿಲುಬನ್ನು, ಜಿಡ್ಡನ್ನಲ್ಲ. ಜಿಡ್ಡಿಗೆ ನಿಮ್ಮ ಅಜ್ಜಿ ಬಳಸುತ್ತಿದ್ದದ್ದು ಬೂದಿ, ಸೀಗೆಪುಡಿ. ಎಣ್ಣೆ ಸ್ನಾನ ಮಾಡಿ ಯಾರಾದರೂ ತಲೆಗೆ ಹುಣಸೆಹುಳಿ ಹಚ್ಚಿಕೊಂಡದ್ದು ನೋಡಿದ್ದೀರಾ?

ಇನ್ನೂ ಅನುಮಾನ ಇದ್ದರೆ ಒಂದು ಲೋಟ ಮುರುಗಲು ನೀರಿಗೆ ಒಂದು ಚಮಚ ತುಪ್ಪ ಹಾಕಿ ಇಡಿ. ಬೆಳಗ್ಗೆ ನೋಡಿ. ತುಪ್ಪ ಆರಾಮಾಗಿ ಮೇಲೆ ತೇಲುತ್ತಿರುತ್ತದೆ.

ಮತ್ತೂ ಒಂದು ಮಾತು. ನಿಮ್ಮ ಜಠರದಲ್ಲಿ ಈಗಾಗಲೇ ಹೈಡ್ರೋಕ್ಲೋರಿಕ್ ಆಮ್ಲ ಇದೆ. ಮುರುಗಲು ಅದರ ಮುಂದೆ ಏನೂ ಅಲ್ಲ. ಹುಳಿಗೆ ಕೊಬ್ಬು ಕರಗುವುದಾಗಿದ್ದರೆ ಊರಲ್ಲಿ ಒಬ್ಬರೂ ದಪ್ಪ ಇರುತ್ತಿರಲಿಲ್ಲ. ಇನ್ನು ನೀವು ಎಷ್ಟೇ ಹುಳಿ ಕುಡಿಯಿರಿ, ರಕ್ತದ ಹುಳಿಯ ಅಳತೆ, ಅಂದರೆ ಪಿಎಚ್, 7.35ರಿಂದ 7.45ರ ನಡುವೆಯೇ ಇರುತ್ತದೆ. ಸೊಂಟದ ಕೊಬ್ಬಿಗೆ ಆ ಹುಳಿ ತಾಗುವುದೇ ಇಲ್ಲ.

ಹಾಗಾದರೆ ಉಪ್ಪಾಗೆ ಸಿಪ್ಪೆಯ ಸಾರದಿಂದ ತೂಕ ಇಳಿಸುವ ಮಾತ್ರೆ ಮಾಡಿ ಮಾರುವವರು ಹೇಳುವುದೆಲ್ಲ ಪೂರಾ ಸುಳ್ಳಾ? ಪೂರಾ ಅಲ್ಲ, ಅದೇ ತೊಂದರೆ. ಉಪ್ಪಾಗೆಯ ಹುಳಿ ನಿಂಬೆಯ ಹುಳಿಯಲ್ಲ, ಹುಣಸೆಯದ್ದೂ ಅಲ್ಲ, ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ನಮ್ಮವರೇ! ಮುರುಗಲಿನಲ್ಲೂ ಇದು ಇದೆ. ಸಕ್ಕರೆ, ಅನ್ನ ಜಾಸ್ತಿಯಾದಾಗ ದೇಹ ಅದನ್ನು ಕೊಬ್ಬು ಮಾಡಲು ಒಂದು ಕಿಣ್ವ ಬಳಸುತ್ತದೆ. ಈ ಆಮ್ಲ ಆ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಇಲಿಗಳಲ್ಲಿ ಫಲವೂ ಕಂಡಿತು. ಆದರೆ ಮನುಷ್ಯರ ಮೈಯಲ್ಲಿ ಕೂಡುವ ಕೊಬ್ಬು ಹೆಚ್ಚಾಗಿ ತಿಂದ ಎಣ್ಣೆ, ತುಪ್ಪ, ತೆಂಗಿನಕಾಯಿಯಿಂದಲೇ ಬಂದದ್ದು. ಅನ್ನದಿಂದ ಹೊಸದಾಗಿ ತಯಾರಾಗುವುದು ಕಡಿಮೆ. ಹಿತ್ತಿಲ ಬಾಗಿಲು ಹಾಕಿ ಹೆಬ್ಬಾಗಿಲು ತೆರೆದಿಟ್ಟ ಹಾಗೆ.

1998ರಲ್ಲಿ ಅಮೆರಿಕದಲ್ಲಿ ತೂಕ ಜಾಸ್ತಿ ಇದ್ದ 135 ಜನರ ಮೇಲೆ ಪರೀಕ್ಷೆ ಮಾಡಿದರು. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. ಎಲ್ಲರಿಗೂ ಪಥ್ಯ. 12 ವಾರದ ಮೇಲೆ ಆಮ್ಲದವರು ಸರಾಸರಿ 3.2 ಕಿಲೋ ಇಳಿದಿದ್ದರು, ಸಪ್ಪೆಯವರು 4.1. ಇಳಿಸಿದ್ದು ಪಥ್ಯ. ಮೇಲಾಗಿ ಇಂಥ ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರ ಬಗ್ಗೆ ವೈದ್ಯರು ಬರೆದಿದ್ದಾರೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೆ ಹೆದರಬೇಡಿ, ಡಬ್ಬಿಯ ಮಾತ್ರೆಗೆ ಹೆದರಿ.

“ಅರಿಶಿನ ಕೊಬ್ಬಿನ ಕೋಶ ಬೆಳೆಯಲು ಬಿಡುವುದಿಲ್ಲವಂತೆ” ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳ ಮೇಲೆ ಅರಿಶಿನದ ಕರ್ಕುಮಿನ್ ಸುರಿದರೆ ಹೌದು. ತಿಂದ ಕರ್ಕುಮಿನ್ ರಕ್ತಕ್ಕೆ ಸೇರುವುದು ತೀರಾ ಅಷ್ಟಿಷ್ಟು. ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಲೆಕ್ಕ ಹೆಚ್ಚುಕಡಿಮೆ ಬದಲಾಗುವುದೂ ಇಲ್ಲ. ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ತೆಳ್ಳಗಾದಾಗ ಕೋಶ ಕುಗ್ಗುತ್ತದೆ, ಹೋಗುವುದಿಲ್ಲ. ಅದರೊಳಗಿನ ಕೊಬ್ಬು ಹೋಗುವುದಾದರೂ ಎಲ್ಲಿಂದ ಗೊತ್ತಾ? ಮೂಗಿನಿಂದ. 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ.

ಯಾರೂ ಕೇಳದ ಒಂದು ಸಂಗತಿ ಇದೆ. ಕೊಬ್ಬು ಇಳಿಸುತ್ತದೆ ಅಂತ ನೀವು ನಂಬಿದ ಈ ಎರಡೂ ಹಣ್ಣಿನ ಬೀಜದಲ್ಲಿ ಇರುವುದು ಏನು? ಕೊಬ್ಬು! ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿ. ಸಿಪ್ಪೆಯನ್ನು ಪರದೇಶಕ್ಕೆ ಕಳಿಸಿ ನಮ್ಮ ಘಟ್ಟದ ಮೇಲಿನವರು ಉಪ್ಪಾಗೆ ತುಪ್ಪ ತಿಂದುಕೊಂಡು ಗಟ್ಟಿಮುಟ್ಟಾಗಿ ಇದ್ದರು. ಮುರುಗಲು ತುಪ್ಪ ಮೈಯ ಬಿಸಿಗೆ ಮೆಲ್ಲಗೆ ಮೆತ್ತಗಾಗುತ್ತದೆ, ಅದಕ್ಕೇ ಒಡೆದ ಹಿಮ್ಮಡಿಗೆ ಅಷ್ಟು ಒಳ್ಳೆಯದು. ನಮ್ಮ ಮನೆಯಲ್ಲಿ ಎರಡರ ಡಬ್ಬಿಯೂ ಒಂದೇ ನಾಗಂದಿಗೆಯಲ್ಲಿದೆ. ಹೋದ ಮಳೆಗಾಲದಲ್ಲಿ ಕನ್ನಡಕ ಇಲ್ಲದೆ ಹಿಮ್ಮಡಿಯದ್ದನ್ನೇ ದೋಸೆಗೆ ಹಚ್ಚಿ ತಿಂದೆ. ಚೆನ್ನಾಗಿಯೇ ಇತ್ತು.