ಜಾಸ್ತಿ ಕೇಳಿದರೆ ಅಡ್ಮಿಷನ್ ಹೋಗುತ್ತದೆಯೇ?

ಪ್ರಶ್ನೆ: ಅಕ್ಕಾ, ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಎಂಎಸ್‌ಗೆ ಸೀಟು ಸಿಕ್ಕಿದೆ. ವಿದ್ಯಾರ್ಥಿ ವೀಸಾಗೆ ಬೇಕಾದ ಐ-20 ಎಂಬ ದಾಖಲೆಗಾಗಿ ಬ್ಯಾಂಕ್ ಪತ್ರ, ಪಿಡಿಸಿ (ತಾತ್ಕಾಲಿಕ ಡಿಗ್ರಿ ಸರ್ಟಿಫಿಕೇಟ್) ಎಲ್ಲ ಕಳಿಸಿ 18 ದಿನ ಆಯಿತು. ಒಂದು ಮೇಲ್ ಹಾಕಿದ್ದಕ್ಕೆ 'ಪರಿಶೀಲನೆಯಲ್ಲಿದೆ' ಅಂತ ಒಂದು ಸಾಲು ಬಂತು, ಅಷ್ಟೇ. ಇನ್ನೊಂದು ಸಲ ಕೇಳ್ತೀನಿ ಅಂದರೆ ಕನ್ಸಲ್ಟೆನ್ಸಿಯವರು ಬೇಡ ಅಂತಾರೆ. ಜಾಸ್ತಿ ಕೇಳಿದರೆ ಅಡ್ಮಿಷನ್ನೇ ಕ್ಯಾನ್ಸಲ್ ಮಾಡ್ತಾರಂತೆ. ನಿಜಾನಾ? (ಹಾಸನದಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ನಿಜ ಅಲ್ಲ. ಇವತ್ತೇ ಕೇಳಮ್ಮ.

ಈ ಒಂದು ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಏಪ್ರಿಲ್‌ನಲ್ಲಿ ಶುರುವಾದರೆ ಜುಲೈ ಮುಗಿಯುವ ತನಕ ಬರುತ್ತಲೇ ಇರುತ್ತದೆ. ಹಾಸನ, ಹುಬ್ಬಳ್ಳಿ, ಮಂಗಳೂರು, ಊರು ಯಾವುದಾದರೂ ಭಯ ಅದೇ. ಐ-20 ಏನು, ಯಾಕೆ ಬೇಕು ಅನ್ನುವುದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಹೇಳುವುದಿಲ್ಲ. ಈ ಭಯವನ್ನು ಮಾತ್ರ ಈ ಸಲ ಬೇರು ಸಮೇತ ಕೀಳಬೇಕು ಅಂತ ಕೂತಿದ್ದೇನೆ.

ಯಾರೋ ಹೇಳಿದ್ದನ್ನು ನಾನು ಹೇಳುತ್ತಿಲ್ಲ. ಎಂಎಸ್ ಓದುವಾಗ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲೇ ಎರಡು ವರ್ಷ ಕೆಲಸ ಮಾಡಿದ್ದೇನೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನಲ್ಲಿ ದುಡಿಯಬಹುದು. ನನ್ನ 20 ಗಂಟೆ ಫೋನ್ ಎತ್ತುವುದರಲ್ಲಿ, ಬಂದ ಮೇಲ್‌ಗಳನ್ನು ಬೇರೆ ಬೇರೆ ಮಾಡಿ ಹಂಚುವುದರಲ್ಲಿ ಹೋಗುತ್ತಿತ್ತು. ನಿಮ್ಮ ಮೇಲ್ ಮೊದಲು ಬಂದು ಬೀಳುವುದು ಅಂಥ ಒಬ್ಬ ವಿದ್ಯಾರ್ಥಿಯ ಮುಂದೆ. 'ಇವಳು ಮೂರು ಸಲ ಕೇಳಿದಳು, ಸೀಟು ತೆಗೆದುಹಾಕಿ' ಎಂಬ ಮಾತು ಆ ಎರಡು ವರ್ಷದಲ್ಲಿ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ. ಯಾರಾದರೂ ಅಂದಿದ್ದರೂ ಅದು ಅವರ ಕೈಯಲ್ಲಿರುವ ಕೆಲಸ ಅಲ್ಲ.

ಯಾಕೆ ಅಂತ ನೋಡಿ. ನಿಮಗೆ ಅಡ್ಮಿಷನ್ ಕೊಟ್ಟವರು ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳು. ಅವರು ಕೂತು ನಿಮ್ಮ ಅಂಕ, ಎಸ್‌ಒಪಿ (ಯಾಕೆ ಓದಬೇಕು ಅಂತ ನೀವು ಬರೆದ ಪತ್ರ), ಶಿಫಾರಸು ಪತ್ರ ನೋಡಿ ಒಪ್ಪಿದರು. ಯೂನಿವರ್ಸಿಟಿಯ ಸ್ನಾತಕೋತ್ತರ ಆಫೀಸು, ಅಂದರೆ ಗ್ರಾಜುಯೇಟ್ ಸ್ಕೂಲ್, ಆ ಒಪ್ಪಿಗೆಯನ್ನು ಪತ್ರ ಮಾಡಿ ಕಳಿಸಿತು. ಐ-20 ಕೊಡುವವರು ಇವರಿಬ್ಬರೂ ಅಲ್ಲ. ಆ ಕೆಲಸ ವಿದೇಶಿ ವಿದ್ಯಾರ್ಥಿಗಳ ಆಫೀಸಿನ ಡಿಎಸ್‌ಒ ಎಂಬ ಸಲಹೆಗಾರರದ್ದು. ಅವರು ಸೆವಿಸ್ ಎಂಬ ಸರ್ಕಾರಿ ವ್ಯವಸ್ಥೆಯೊಳಗೆ ಹೋಗಿ ನಿಮ್ಮ ಹೆಸರು, ಹುಟ್ಟಿದ ದಿನ, ಕೋರ್ಸು, ಶುರುವಾಗುವ ತಾರೀಖು, ಖರ್ಚು ಎಷ್ಟು, ದುಡ್ಡು ಎಲ್ಲಿಂದ ಅನ್ನುವುದನ್ನು ತುಂಬುತ್ತಾರೆ. ನೀವು ಎಷ್ಟು ಮೇಲ್ ಹಾಕಿದಿರಿ ಅಂತ ಬರೆಯಲು ಅಲ್ಲಿ ಜಾಗವೇ ಇಲ್ಲ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ವೀಸಾ ಸಂದರ್ಶನ ಮಾಡುವ ಅಧಿಕಾರಿಗೂ ನಿಮ್ಮ ಮೇಲ್‌ಗಳು ಕಾಣುವುದಿಲ್ಲ. ವಿದ್ಯಾರ್ಥಿಗಳಿಗೆ ಸಲಹೆ ಕೊಡುವುದೇ ಡಿಎಸ್‌ಒ ಕೆಲಸ. ನೀವು ಕೇಳಿದರೆ ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ ಅಂತಲೇ ಅರ್ಥ.

ಹಾಗಾದರೆ ಅಡ್ಮಿಷನ್ ಹೋಗುವುದೇ ಇಲ್ಲವಾ? ಹೋಗುತ್ತದೆ. ಸುಳ್ಳು ಮಾರ್ಕ್ಸ್ ಕಾರ್ಡೋ ಸುಳ್ಳು ಬ್ಯಾಂಕ್ ಪತ್ರವೋ ಕೊಟ್ಟರೆ ಹೋಗುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಫೇಲಾಗಿ ಡಿಗ್ರಿ ಮುಗಿಯದಿದ್ದರೆ ಹೋಗುತ್ತದೆ. ಸೇರುತ್ತೇನೆ ಅಂತ ಹೇಳಬೇಕಾದ ತಾರೀಖು ದಾಟಿದರೆ, ಕೇಳಿದ ದಾಖಲೆಯನ್ನು ಕಳಿಸದೆ ಕೂತರೆ ಹೋಗುತ್ತದೆ. ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಎರಡೂ ಸುಮ್ನೆ ಇದ್ದುದರಿಂದ ಆಗುವಂಥವು.

ಸುಮ್ನೆ ಇರುವುದರ ಬೆಲೆ ನನಗೆ ಗೊತ್ತು. ನಾನು ಹೋಗುವ ವರ್ಷ ಮೂರು ವಾರ ಬಾಯಿ ಮುಚ್ಚಿಕೊಂಡು ಕಾದೆ. ತೊಂದರೆ ಕೊಡಬಾರದು, ಅವರೇ ಕಳಿಸುತ್ತಾರೆ ಅಂದುಕೊಂಡಿದ್ದೆ. ನಮ್ಮ ಬ್ಯಾಂಕಿನ ಪತ್ರದಲ್ಲಿ ತಾರೀಖು ಇರಲಿಲ್ಲ. ಅದನ್ನು ಸರಿಮಾಡಿ ಕಳಿಸಿ ಎಂಬ ಸೂಚನೆ ಪೋರ್ಟಲ್ಲಿನ ಒಂದು ಮೂಲೆಯಲ್ಲಿ ಬಂದು ಬಿದ್ದಿತ್ತು. ಮೇಲ್‌ಗೆ ಬಂದಿರಲಿಲ್ಲ. ಅವರು ನನ್ನ ದಾರಿ ಕಾಯುತ್ತಿದ್ದರು, ನಾನು ಅವರ ದಾರಿ ಕಾಯುತ್ತಿದ್ದೆ. ಕೊನೆಗೆ ಫೋನ್ ಮಾಡಿದಾಗ ನಾಲ್ಕು ನಿಮಿಷದಲ್ಲಿ ವಿಷಯ ಗೊತ್ತಾಯಿತು. ಆ ಮೂರು ವಾರದಲ್ಲಿ ವೀಸಾ ಸಂದರ್ಶನದ ತಾರೀಖುಗಳೆಲ್ಲ ತುಂಬಿಹೋಗಿದ್ದವು. ಐ-20ಯಲ್ಲಿ ಬರುವ ಎನ್ ಅಕ್ಷರದ ಸೆವಿಸ್ ನಂಬರ್ ಇಲ್ಲದೆ 350 ಡಾಲರ್ ಸೆವಿಸ್ ಫೀ ಕಟ್ಟಲು ಆಗುವುದಿಲ್ಲ. ಅದನ್ನು ಕಟ್ಟದೆ ಸಂದರ್ಶನಕ್ಕೆ ಹೋಗಿ ಪ್ರಯೋಜನವಿಲ್ಲ. ಒಂದು ನಿಂತರೆ ಮುಂದಿನದ್ದೆಲ್ಲ ನಿಲ್ಲುತ್ತದೆ.

ಈ ಭಯ ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು. ನಾವು ಬೆಳೆದದ್ದೇ ಕೌಂಟರ್‌ಗಳ ಮುಂದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ ಅಂತ ಹೋದರೆ 'ಹೇಳಿದ್ನಲ್ಲ, ಮುಂದಿನ ವಾರ ಬಾ' ಎಂಬ ಮಾತು. ಎರಡನೇ ಸಲ ಕೇಳಿದವನ ಫೈಲು ಕಟ್ಟಿನ ಅಡಿಗೆ ಹೋಗುತ್ತದೆ ಅಂತ ಸೀನಿಯರ್‌ಗಳು ಹೇಳಿಕೊಟ್ಟಿರುತ್ತಾರೆ. ಅಲ್ಲಿ ಸುಮ್ನೆ ಇರುವುದು ಜಾಣತನವೇ ಆಗಿತ್ತು. ಅದೇ ಜಾಣತನವನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಟರೆ ನಿಮಗೇ ನಷ್ಟ. ಅಮೆರಿಕದ ಆಫೀಸಿನಲ್ಲಿ ಕೇಳದೇ ಇರುವವರಿಗೆ ತೊಂದರೆ ಇಲ್ಲ ಅಂತಲೇ ತಿಳಿಯುತ್ತಾರೆ. ನಿಮ್ಮ ಮೌನವನ್ನು ಅವರು ವಿನಯ ಅಂದುಕೊಳ್ಳುವುದಿಲ್ಲ.

ಕನ್ಸಲ್ಟೆನ್ಸಿಯವರ ಮಾತಿಗೆ ಬರೋಣ. ಎಲ್ಲರೂ ಒಂದೇ ಥರ ಅಲ್ಲ, ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ. ಆದರೆ ಕೆಲವು ಯೂನಿವರ್ಸಿಟಿಗಳು ವಿದ್ಯಾರ್ಥಿ ಸೇರಿದರೆ ಏಜೆಂಟರಿಗೆ ಕಮಿಷನ್ ಕೊಡುತ್ತವೆ. 'ನೀವು ನೇರವಾಗಿ ಬರೆಯಬೇಡಿ' ಎಂಬ ಸಲಹೆ ಬಂದಾಗ ಇದು ನೆನಪಿರಲಿ. ಅರ್ಜಿಯಲ್ಲಿ ಕೊಟ್ಟಿರುವ ಮೇಲ್ ಐಡಿ ಯಾರದ್ದು ಅಂತ ಈಗಲೇ ನೋಡಿ. ಅದನ್ನು ಅವರು ಮಾಡಿ ಪಾಸ್‌ವರ್ಡ್ ತಮ್ಮ ಹತ್ತಿರ ಇಟ್ಟುಕೊಂಡಿದ್ದರೆ, ನಿಮಗೆ ಬಂದ ಉತ್ತರ ನಿಮಗೆ ಕಾಣುವುದೇ ಇಲ್ಲ. ಇವತ್ತೇ ನಿಮ್ಮ ಐಡಿಗೆ ಬದಲಾಯಿಸಿ.

ಅಪ್ಪನೋ ಮಾವನೋ ನಿಮ್ಮ ಪರವಾಗಿ ಬರೆದರೂ ಉಪಯೋಗ ಕಡಿಮೆ. ವಿದ್ಯಾರ್ಥಿಯ ದಾಖಲೆಯನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಬೇರೆಯವರಿಗೆ ಕೊಡಬಾರದು ಅಂತ ಅಲ್ಲಿ 1974ರಿಂದಲೂ ಫರ್ಪಾ ಎಂಬ ಕಾನೂನಿದೆ. ಇನ್ನೂ ಕ್ಲಾಸಿಗೆ ಸೇರದವರ ವಿಷಯದಲ್ಲೂ ಆಫೀಸಿನವರು ಇದೇ ಅಭ್ಯಾಸ ಇಟ್ಟುಕೊಂಡಿರುತ್ತಾರೆ. 'ವಿದ್ಯಾರ್ಥಿಯೇ ಬರೆಯಲಿ' ಎಂಬ ಒಂದು ಸಾಲು ಬರುತ್ತದೆ. ಮನೆಯವರು ಅದನ್ನು ಅವಮಾನ ಅಂದುಕೊಳ್ಳುತ್ತಾರೆ. ಅವಮಾನ ಅಲ್ಲ, ನಿಯಮ.

ಇನ್ನು ಉತ್ತರ ಸ್ಪಷ್ಟವಾಗಿ ಬರುತ್ತಿಲ್ಲ ಎಂಬ ದೂರು. ಅರ್ಧ ಸಲ ತಪ್ಪು ಅವರದಲ್ಲ, ನಮ್ಮ ಇಂಗ್ಲಿಷಿನದು. ಹೌದು, ನಿಮ್ಮ ಇಂಗ್ಲಿಷ್ ಚೆನ್ನಾಗಿಯೇ ಇದೆ. ಆದರೆ ಅದು ಇಲ್ಲಿಯ ಇಂಗ್ಲಿಷ್. 'ಐ ಹ್ಯಾವ್ ಎ ಡೌಟ್' ಅಂತ ಬರೆದರೆ ನಿಮಗೆ ಅವರ ಮೇಲೆ ನಂಬಿಕೆ ಇಲ್ಲ ಅಂತ ಓದಿಕೊಳ್ಳುತ್ತಾರೆ. ನಿಮಗೆ ಇರುವುದು 'ಕ್ವೆಶ್ಚನ್'. '2025ರಲ್ಲಿ ಪಾಸ್ಡ್ ಔಟ್' ಅಂತ ಬರೆದರೆ ಅಲ್ಲಿ ತಲೆ ತಿರುಗಿ ಬಿದ್ದೆ ಅಂತ ಅರ್ಥ. 'ಗ್ರಾಜುಯೇಟೆಡ್' ಅನ್ನಿ. 05/07 ಅಂತ ತಾರೀಖು ಹಾಕಿದರೆ ಅವರು ಮೇ 7 ಅಂತ ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ನಮ್ಮ ಡೆಸ್ಕಿನಲ್ಲಿ ಅತಿ ಹೆಚ್ಚು ಗೊಂದಲ ತಂದದ್ದು ಲಕ್ಷದ ಕಾಮಾ. 45,00,000 ಅಂತ ಬ್ಯಾಂಕ್ ಪತ್ರದಲ್ಲಿದ್ದರೆ ಅಂಕಿ ಬಿಟ್ಟುಹೋಗಿದೆಯೋ ಕಾಮಾ ತಪ್ಪಾಗಿದೆಯೋ ಅಂತ ಅಲ್ಲಿಯವರಿಗೆ ತಿಳಿಯುವುದಿಲ್ಲ. ಮೇಲ್‌ನಲ್ಲಿ 4,500,000 ರೂಪಾಯಿ ಅಂತ ಬರೆದು, ಡಾಲರಿನಲ್ಲಿ ಎಷ್ಟು ಅಂತಲೂ ಪಕ್ಕದಲ್ಲಿ ಹಾಕಿ.

ಪಿಡಿಸಿ ವಿಷಯವೂ ಹೀಗೇ. ಆ ಮೂರು ಅಕ್ಷರ ಅಮೆರಿಕದಲ್ಲಿ ಯಾರಿಗೂ ಏನೂ ಹೇಳುವುದಿಲ್ಲ. ವಿಟಿಯುನಲ್ಲಿ ಓದಿದವರಿಗೆ ರಿಸಲ್ಟ್ ಬಂದ ಮೇಲೆ ಪಿಡಿಸಿ ಸಿಗುತ್ತದೆ, ಪೂರ್ತಿ ಡಿಗ್ರಿ ಸರ್ಟಿಫಿಕೇಟ್ ಘಟಿಕೋತ್ಸವ ಆದ ಮೇಲೆ. ಈ ಕ್ರಮ ಅವರಿಗೆ ಗೊತ್ತಿಲ್ಲ. 'ಪಿಡಿಸಿ ಸಾಕಾ?' ಅಂತ ಕೇಳಿದರೆ 'ಡಿಗ್ರಿ ಮುಗಿದದ್ದಕ್ಕೆ ಅಧಿಕೃತ ದಾಖಲೆ ಕಳಿಸಿ' ಅಂತ ಬರುತ್ತದೆ. ನೀವು ಇದ್ದ ಕಡೆಯೇ ಇರುತ್ತೀರಿ. ಹೀಗೆ ಕೇಳಿ: 'ನನ್ನ ಡಿಗ್ರಿ ಮುಗಿದಿದೆ. ನಮ್ಮ ವಿಶ್ವವಿದ್ಯಾಲಯ ಅಂತಿಮ ಸರ್ಟಿಫಿಕೇಟನ್ನು ಘಟಿಕೋತ್ಸವದ ನಂತರವೇ ಕೊಡುತ್ತದೆ. ಈಗ ಕೊಟ್ಟಿರುವುದು ತಾತ್ಕಾಲಿಕ ಸರ್ಟಿಫಿಕೇಟ್, ಜೊತೆಗಿಟ್ಟಿದ್ದೇನೆ. ಸೇರುವುದಕ್ಕೆ ಇಷ್ಟು ಸಾಕೇ, ಇಲ್ಲವೇ? ಸಾಲದಿದ್ದರೆ ಅಂತಿಮ ಸರ್ಟಿಫಿಕೇಟ್ ಯಾವ ತಾರೀಖಿನೊಳಗೆ ಬೇಕು?' ಇದಕ್ಕೆ ಹೌದು, ಅಲ್ಲ, ಒಂದು ತಾರೀಖು, ಇವಷ್ಟೇ ಉತ್ತರ ಆಗಬಲ್ಲವು. ಹೀಗೆ ಬರೆದು ಮರುದಿನವೇ ಉತ್ತರ ಪಡೆದವರು ನನಗೆ ತಿಳಿಸಿದಾಗ, ನನಗೇ ಐ-20 ಬಂದಷ್ಟು ಖುಷಿಯಾಗುತ್ತದೆ.

ಒಂದು ಮೇಲ್‌ಗೆ ಒಂದೇ ಆಫೀಸು, ಒಂದೇ ವಿಷಯ. ಐ-20 ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ, ಸರ್ಟಿಫಿಕೇಟ್ ಗ್ರಾಜುಯೇಟ್ ಅಡ್ಮಿಷನ್ಸ್‌ಗೆ, ಫೀಸು ಬರ್ಸರ್ ಆಫೀಸಿಗೆ, ಎಂಎಂಆರ್ ಲಸಿಕೆ ಹೆಲ್ತ್ ಸೆಂಟರಿಗೆ. ಯಾರನ್ನು ಕೇಳಬೇಕು ಅಂತಲೇ ತಿಳಿಯದಿದ್ದರೆ ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಬರೆಯಿರಿ. ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿರುವವರ ಹೆಸರು ಅವರಿಗೆ ಗೊತ್ತಿರುತ್ತದೆ. ಒಂದೇ ಪ್ರಶ್ನೆಯನ್ನು ನಾಲ್ಕು ಆಫೀಸಿಗೆ ಒಟ್ಟಿಗೆ ಕಳಿಸಬೇಡಿ. ಪ್ರತಿಯೊಬ್ಬರೂ ಇನ್ನೊಬ್ಬರು ಉತ್ತರಿಸುತ್ತಾರೆ ಅಂದುಕೊಳ್ಳುತ್ತಾರೆ. ಮತ್ತೆ ಕೇಳುವಾಗ ಹೊಸ ಮೇಲ್ ಬೇಡ, ಹಳೆಯದಕ್ಕೇ ರಿಪ್ಲೈ ಮಾಡಿ. ಆಗ ಹಿಂದಿನದ್ದೆಲ್ಲ ಒಟ್ಟಿಗೆ ಕಾಣುತ್ತದೆ.

ನಿಮ್ಮ 18 ದಿನದ ಲೆಕ್ಕವನ್ನೂ ನೋಡೋಣ. ಅಲ್ಲಿ ಶನಿವಾರ, ಭಾನುವಾರ ಆಫೀಸಿಲ್ಲ. ಅವನ್ನು ಕಳೆದರೆ 12ರಿಂದ 14 ಕೆಲಸದ ದಿನ. ಮೇ ಕೊನೆಯ ಸೋಮವಾರ, ಜೂನ್ 19, ಜುಲೈ 4ರ ರಜೆ ನಡುವೆ ಬಂದಿದ್ದರೆ ಇನ್ನೂ ಕಡಿಮೆ. ಐ-20ಗೆ ಎಷ್ಟು ಕೆಲಸದ ದಿನ ಬೇಕು ಅಂತ ಆಫೀಸಿನವರು ಹೇಳಿದ್ದರೆ ಆ ದಿನ ದಾಟಿತೇ ನೋಡಿ. ದಾಟಿದ್ದರೆ ಫೋನ್ ಮಾಡಿ. ಬೇಸಿಗೆಯಲ್ಲಿ ನ್ಯೂಯಾರ್ಕ್ ಕಡೆಯ ಬೆಳಗಿನ 9 ಗಂಟೆ ನಮ್ಮ ಸಂಜೆ 6.30, ಕ್ಯಾಲಿಫೋರ್ನಿಯಾದ ಬೆಳಗಿನ 9 ನಮ್ಮ ರಾತ್ರಿ 9.30. 'ನನ್ನ ಐ-20 ಏನಾಯಿತು' ಅಂತ ಕೇಳಬೇಡಿ. 'ನನ್ನಿಂದ ಬರಬೇಕಾದ ದಾಖಲೆ ಏನಾದರೂ ಬಾಕಿ ಇದೆಯೇ' ಅಂತ ಕೇಳಿ. ಮೊದಲನೆಯದಕ್ಕೆ ಮತ್ತೆ 'ಪರಿಶೀಲನೆಯಲ್ಲಿದೆ' ಅಂತಲೇ ಬರುತ್ತದೆ. ಎರಡನೆಯದಕ್ಕೆ ಅವರು ಫೈಲು ತೆರೆದು ನೋಡಲೇಬೇಕು.

ನೀವು ಕೇಳಿಲ್ಲ, ಆದರೂ ಒಂದು ವಿಷಯ ಹೇಳದೆ ಬಿಡಲಾರೆ. ನಿಮ್ಮ ಹೆಸರು. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಇರುವುದಿಲ್ಲ, ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ವೀಸಾ ಅರ್ಜಿ ಡಿಎಸ್-160ಯಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಚಿಕ್ಕ ರೂಪ) ಅಂತ ಹಾಕಬೇಕು. ಈ ನಡುವೆ ಅರ್ಜಿಯಲ್ಲಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ ತುಂಬಿರುತ್ತೀರಿ, ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ ಇರುತ್ತದೆ. ಒಬ್ಬಳೇ ಹುಡುಗಿ ಮೂರು ಹೆಸರಿನಲ್ಲಿ ಮೂರು ಆಫೀಸಿನಲ್ಲಿ ಇರುತ್ತಾಳೆ. 'ನಿಮ್ಮ ದಾಖಲೆ ಸಿಗುತ್ತಿಲ್ಲ' ಅಂತ ನಾನೇ ಎಷ್ಟೋ ಸಲ ಉತ್ತರ ಕೊಟ್ಟಿದ್ದೆ. ಆಮೇಲೆ ನೋಡಿದರೆ ದಾಖಲೆ ಅಲ್ಲೇ, ಇನ್ನೊಂದು ಹೆಸರಿನಲ್ಲಿ ಇರುತ್ತಿತ್ತು.

ಪ್ರತಿ ಮೇಲ್‌ನ ವಿಷಯದ ಸಾಲಿನಲ್ಲೇ ಯೂನಿವರ್ಸಿಟಿ ಕೊಟ್ಟ ಐಡಿ ನಂಬರ್ ಹಾಕಿ. ಕೆಳಗೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆದು, 'ಅರ್ಜಿಯಲ್ಲಿ ಹೆಸರು ಹೀಗಿದೆ' ಅಂತ ಇನ್ನೊಂದು ಸಾಲು ಸೇರಿಸಿ. ಐ-20ಯಲ್ಲಿ ಪಾಸ್‌ಪೋರ್ಟಿನ ಹೆಸರೇ ಬರಬೇಕು ಅಂತ ಈಗಲೇ ಹೇಳಿಬಿಡಿ. ಬ್ಯಾಂಕ್ ಪತ್ರ ಅಪ್ಪನ ಹೆಸರಿನಲ್ಲಿದ್ದು, ಅವರ ಹೆಸರಿಗೂ ನಿಮ್ಮದಕ್ಕೂ ಒಂದು ಅಕ್ಷರವೂ ಹೊಂದದಿದ್ದರೆ, 'ಇವರು ನನ್ನ ತಂದೆ, ನಮ್ಮಲ್ಲಿ ಮನೆತನದ ಹೆಸರು ಬಳಸುವ ರೂಢಿ ಇಲ್ಲ' ಅಂತ ಒಂದು ಸಾಲು ಬರೆಯಿರಿ. ಹಾಸನದ ಈ ಹುಡುಗಿಯ ಐ-20 ಅಲ್ಲೇ ನಿಂತಿದ್ದರೂ ನನಗೆ ಆಶ್ಚರ್ಯ ಆಗುವುದಿಲ್ಲ. ಇವತ್ತು ಸಂಜೆ ಫೋನ್ ಮಾಡಿದಾಗ ಅದನ್ನೂ ಕೇಳಮ್ಮ.