ಪೌರತ್ವ ತ್ಯಾಗ ಅಂದ್ರೆ ಏನು, ಹುಟ್ಟಿನಿಂದ ಬಂದ ಪೌರತ್ವ ಬಿಡೋಕೆ ಆಗತ್ತಾ?

ಆಗತ್ತೆ, ಹೆಚ್ಚಿನ ದೇಶಗಳಲ್ಲಿ ಆಗತ್ತೆ. ಆದ್ರೆ ನಂಗೆ ಬೇಡ ಅಂತ ನೀವು ಹೇಳಿದ ಕೂಡ್ಲೇ ಆಗಲ್ಲ. ಪೌರತ್ವ ತ್ಯಾಗ ಅಂದ್ರೆ ನೀವಾಗೇ ಡಿಕ್ಲರೇಶನ್ ಬರ್ದು ಕೊಡ್ಬೇಕು, ಆ ದೇಶದ ಸರ್ಕಾರ ಅದನ್ನ ರಿಜಿಸ್ಟರ್ ಮಾಡ್ಕೋಬೇಕು, ಆಮೇಲಷ್ಟೇ ನೀವು ಆ ದೇಶದವರಲ್ಲ. ಕೆಲಸಕ್ಕೆ ರಾಜೀನಾಮೆ ಕಳ್ಸಿದ್ರೆ ಸಾಲ್ದು, ರಿಲೀವಿಂಗ್ ಲೆಟರ್ ಕೈಗೆ ಬರ್ಬೇಕಲ್ಲ, ಹಂಗೆ. ಸಿಟ್ಟಲ್ಲಿ ಪಾಸ್‌ಪೋರ್ಟ್ ಹರಿದು ಹಾಕಿದ್ರೆ ಪಾಸ್‌ಪೋರ್ಟ್ ಹೋಗತ್ತೆ, ಪೌರತ್ವ ಅಲ್ಲೇ ಇರತ್ತೆ.

ಈ ರಿಜಿಸ್ಟರ್ ಅನ್ನೋದು ಎಷ್ಟು ದೊಡ್ಡ ವಿಷ್ಯ ಅಂತ ಗೊತ್ತಾಗ್ಬೇಕಂದ್ರೆ ಆಸ್ಟ್ರೇಲಿಯಾದ ಸೆನೆಟರ್ ಕೇಟಿ ಗ್ಯಾಲಗರ್ ಕೇಸ್ ನೋಡಿ. ಹುಟ್ಟಿದ್ದು ಕ್ಯಾನ್ಬೆರಾದಲ್ಲೇ, ಆದ್ರೆ ಅಪ್ಪ ಇಂಗ್ಲೆಂಡ್‌ನವರು ಅಂತ ಹುಟ್ಟಿನಿಂದ್ಲೇ ಬ್ರಿಟಿಷ್ ಪೌರತ್ವನೂ ಇತ್ತು, ಎರಡು ಪೌರತ್ವ ಇರೋರು ಅಲ್ಲಿ ಪಾರ್ಲಿಮೆಂಟಿಗೆ ನಿಲ್ಲೋ ಹಾಗಿಲ್ಲ, ಸೋ 2016ರ ಏಪ್ರಿಲ್‌ನಲ್ಲೇ ಅದನ್ನ ಬಿಡೋಕೆ ಅರ್ಜಿ ಹಾಕಿದ್ರು, ಆದ್ರೆ ಬ್ರಿಟನ್ ಇನ್ನಷ್ಟು ದಾಖಲೆ ಕೇಳಿ ರಿಜಿಸ್ಟರ್ ಮಾಡಿದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಾಮಿನೇಶನ್ ಮುಗಿದಿತ್ತು, ಎಲೆಕ್ಷನ್ನೂ ಮುಗಿದಿತ್ತು. 2018ರಲ್ಲಿ ಅಲ್ಲಿನ ಹೈಕೋರ್ಟ್, ಅಂದ್ರೆ ಅವರ ಅತ್ಯುನ್ನತ ಕೋರ್ಟ್, ನಿಮ್ಮ ಆಯ್ಕೆ ಸಿಂಧು ಅಲ್ಲ ಅಂತು. ಬೇಡ ಅಂತ ಬರ್ದು ಕೊಟ್ಟಾದ್ಮೇಲೂ ಅವರು ಅಷ್ಟು ದಿನ ಬ್ರಿಟಿಷ್ ಪ್ರಜೆನೇ!

ನಮ್ಮಲ್ಲಿ ಇದು 1955ರ ಪೌರತ್ವ ಕಾಯ್ದೆಯ ಸೆಕ್ಷನ್ 8ರಲ್ಲಿದೆ. ವಯಸ್ಕರಾಗಿರ್ಬೇಕು, ಬುದ್ಧಿ ಸ್ವಾಧೀನದಲ್ಲಿರ್ಬೇಕು, ಡಿಕ್ಲರೇಶನ್ ಕೊಡ್ಬೇಕು. ಹುಟ್ಟಿನಿಂದ ಬಂದಿದ್ದಾ ಆಮೇಲೆ ಪಡೆದಿದ್ದಾ ಅಂತ ಭೇದ ಇಲ್ಲ. ಆದ್ರೆ ಭಾರತ ಯುದ್ಧದಲ್ಲಿರುವಾಗ ಕೊಟ್ರೆ ಕೇಂದ್ರ ಹೇಳೋ ತನಕ ರಿಜಿಸ್ಟರ್ ಆಗಲ್ಲ, ಯಾಕೆ ಅಂತ ಬಿಡಿಸಿ ಹೇಳೋದು ಬೇಡ ಅನ್ಸತ್ತೆ. ಅಪ್ಪನೋ ಅಮ್ಮನೋ ಹಿಂಗೆ ಬಿಟ್ರೆ ಅವರ ಮೈನರ್ ಮಕ್ಕಳದ್ದೂ ಹೋಗತ್ತೆ, ಮಕ್ಕಳು 18 ತುಂಬಿದ ಒಂದು ವರ್ಷದೊಳಗೆ ಬೇಕು ಅಂತ ಡಿಕ್ಲರೇಶನ್ ಕೊಟ್ಟು ವಾಪಸ್ ಪಡೀಬಹುದು.

ಜನ ಗೊಂದಲ ಮಾಡ್ಕೊಳೋದು ಸೆಕ್ಷನ್ 9 ವಿಷ್ಯದಲ್ಲಿ. ನೀವು ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ತಗೊಂಡ್ರೆ ಭಾರತದ್ದು ತಾನಾಗೇ ಹೋಗತ್ತೆ, ಯಾರ ಸಹಿನೂ ಬೇಕಿಲ್ಲ. 2022ರಲ್ಲಿ 2,25,620 ಜನ ಪೌರತ್ವ ಬಿಟ್ರು ಅಂತ ಸರ್ಕಾರ ಪಾರ್ಲಿಮೆಂಟಿಗೆ ಹೇಳ್ತು, ಟಿವಿಯಲ್ಲಿ ಎಲ್ಲರೂ ದೇಶನೇ ತ್ಯಾಗ ಮಾಡಿದ್ರು ಅನ್ನೋ ಥರ ಚರ್ಚೆ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಕನ್ನಡದ ಟೆಕ್ಕಿ ಅಮೆರಿಕದ ಓತ್ ತಗೊಂಡ ಗಳಿಗೆಯಲ್ಲೇ ಭಾರತೀಯ ಅಲ್ಲ, ಆಮೇಲೆ ಪಾಸ್‌ಪೋರ್ಟ್ ಒಪ್ಪಿಸಿ ತಗೊಳೋ ಸರ್ಟಿಫಿಕೇಟ್ ಆಗಿಹೋದದ್ದಕ್ಕೆ ಕಾಗದ ಅಷ್ಟೇ. ನನ್ ಪ್ರಕಾರ ಅದನ್ನ ತ್ಯಾಗ ಅನ್ನೋದೇ ತಪ್ಪು. ಇದು ಬರೀ ಪದದ ಜಗಳ ಅಲ್ಲ, ಹಿಂಗೆ ಸೆಕ್ಷನ್ 9ರಲ್ಲಿ ಪೌರತ್ವ ಕಳ್ಕೊಂಡವರ ಮಕ್ಕಳಿಗೆ ಸೆಕ್ಷನ್ 8ರ ವಾಪಸಾತಿ ಹಕ್ಕು ಸಿಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಬಿಡೋಕೇ ಕೊಡದ ದೇಶಗಳೂ ಇವೆ. ಕೋಸ್ಟರಿಕಾದ ಸಂವಿಧಾನದಲ್ಲೇ ಅಲ್ಲಿನ ಪೌರತ್ವ ಹೋಗಲ್ಲ, ಬಿಡೋಕೂ ಆಗಲ್ಲ ಅಂತಿದೆ. ಅರ್ಜೆಂಟೀನಾದಲ್ಲಿ ಹುಟ್ಟಿದವರ ಕಥೆನೂ ಅದೇ, ಸ್ಪೇನ್ ಪೌರತ್ವನೂ ಇರೋ ಫುಟ್‌ಬಾಲ್ ಆಟಗಾರ ಮೆಸ್ಸಿ ಮನಸ್ಸು ಮಾಡಿದ್ರೂ ಬರೀ ಸ್ಪೇನ್‌ನವನಾಗಿ ಇರೋಕಾಗಲ್ಲ.

ಇನ್ನು ಬೇರೆ ಯಾವ ದೇಶದ ಪೌರತ್ವನೂ ಇಲ್ದೇ, ಇರೋ ಒಂದನ್ನೂ ಬಿಟ್ರೆ? ಅಮೆರಿಕ ಬೇಡ ಅನ್ನಲ್ಲ. ಗ್ಯಾರಿ ಡೇವಿಸ್ ಅನ್ನೋರು 1948ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಪೌರತ್ವ ಬಿಟ್ಟು, ನಾನು ವಿಶ್ವ ಪ್ರಜೆ ಅಂತ ಹೇಳಿ, ತಾವೇ ವರ್ಲ್ಡ್ ಪಾಸ್‌ಪೋರ್ಟ್ ಮಾಡ್ಕೊಂಡು ಓಡಾಡಿದ್ರು, ಎಷ್ಟೋ ಗಡಿಗಳಲ್ಲಿ ಹಿಡಿದು ಜೈಲಿಗೂ ಹಾಕಿದ್ರು. ಬ್ರಿಟನ್ ಈ ರಗಳೆನೇ ಬೇಡ ಅಂತ ಬೇರೆ ನಿಯಮ ಇಟ್ಕೊಂಡಿದೆ, ಬಿಟ್ಟು ಆರು ತಿಂಗಳೊಳಗೆ ಬೇರೆ ದೇಶದ ಪೌರತ್ವ ಸಿಗ್ಲಿಲ್ಲ ಅಂದ್ರೆ ನೀವು ಬಿಟ್ಟೇ ಇರ್ಲಿಲ್ಲ ಅಂತ ಲೆಕ್ಕ.