ಸುರಂಗ ತೋಡಿದರೆ ಮಣ್ಣು ಎಲ್ಲಿ?

ಕೊಪ್ಪಳದ ಕೋಟೆ ಗುಡ್ಡ ಹತ್ತುವಾಗ ನಮ್ಮ ಮಾವ ಎರಡು ಬಂಡೆಗಳ ನಡುವಿನ ಕತ್ತಲೆ ಸಂದು ತೋರಿಸಿ, "ಇದರೊಳಗ ಹೊಕ್ಕರ ಸೀದಾ ಹಂಪಿಗೆ ಹೋಗತೈತಿ" ಅಂದರು. ಇಂಥ ಕಥೆ ಇಲ್ಲದ ಕೋಟೆ ನಮ್ಮ ಕಡೆ ನಾನಂತೂ ಕಂಡಿಲ್ಲ. ಆಗ ನಾನು ಬಳಕೆ ಬಿಟ್ಟ ರೈಲು ಸುರಂಗಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸದ ಬಗ್ಗೆ ಓದುತ್ತಿದ್ದೆ. ಅದೇ ಗುಂಗಿನಲ್ಲಿ ಕೇಳಿಬಿಟ್ಟೆ: "ಮಾವಾ, ತೋಡಿದ ಮಣ್ಣು ಎಲ್ಲಿ ಹಾಕಿದ್ರು?"

ಬಾಯಿ ಮುಚ್ಚಿಹೋದ ಸುರಂಗಕ್ಕೆ ಮಣ್ಣಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದು ಲೆಕ್ಕ ನೋಡಿ. ಒಂಟಿ ಹಳಿಯ ಸುರಂಗ 4 ಮೀಟರ್ ಅಗಲ, 5 ಮೀಟರ್ ಎತ್ತರ ಅಂದುಕೊಳ್ಳೋಣ. ಉದ್ದ ಅರ್ಧ ಕಿಲೋಮೀಟರ್. ಹೊರಗೆ ಬರಬೇಕಾದ ಬಂಡೆ 10,000 ಘನ ಮೀಟರ್. ಆದರೆ ಒಡೆದ ಕಲ್ಲು ಮೊದಲಿನಷ್ಟೇ ಜಾಗದಲ್ಲಿ ಕೂರುವುದಿಲ್ಲ. ಚೂರುಗಳ ನಡುವೆ ಗಾಳಿ ಸೇರಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಉಬ್ಬುತ್ತದೆ. ಅಂದರೆ 15,000 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿಸಿದರೆ 5,000 ಟ್ರಿಪ್. ಇಷ್ಟನ್ನು ಬಚ್ಚಿಡೋಕೆ ಆಗಲ್ಲ ಅಲ್ವಾ?

ಹಾಗಾಗಿ ಪಟ್ಟಿ ಮಾಡುವವರು ಗುಡ್ಡದ ಬುಡದಲ್ಲಿ ಅಲ್ಲಿನದಲ್ಲದ ಹಾಗೆ ಕಾಣುವ ದಿಬ್ಬ ಹುಡುಕುತ್ತಾರೆ. ಉದ್ದದ ಸುರಂಗವಾದರೆ ಗುಡ್ಡದ ಮೇಲೂ ನೋಡುತ್ತಾರೆ. ಹಿಂದೆ ಮೇಲಿನಿಂದ ಬಾವಿಯ ಹಾಗೆ ಇಳಿದು, ಅಲ್ಲಿಂದ ಎರಡೂ ಕಡೆಗೆ ತೋಡುತ್ತಿದ್ದರು. ಆಮೇಲೆ ಅದೇ ಬಾವಿ ಹೊಗೆ ಹೋಗುವ ದಾರಿ. ಒಂದೇ ಸಾಲಿನಲ್ಲಿ ಕೂತ ದಿಬ್ಬಗಳು ಕಂಡರೆ, ಕೆಳಗೆ ಸುರಂಗ ಯಾವ ದಿಕ್ಕಿಗೆ ಹೋಗಿದೆ ಅಂತ ಮೇಲಿಂದಲೇ ಹೇಳಬಹುದು. ದಿಬ್ಬ ಸಿಗದಿದ್ದರೆ ಪಕ್ಕದ ತಗ್ಗಿನಲ್ಲಿ ಹಳಿಗಾಗಿ ಕಟ್ಟಿದ ಮಣ್ಣಿನ ಏರಿಯನ್ನು ನೋಡಬೇಕು. ಎಂಜಿನಿಯರ್‌ಗಳು ಜಿಪುಣರು. ಒಂದು ಕಡೆ ತೋಡಿದ್ದನ್ನು ಇನ್ನೊಂದು ಕಡೆ ತುಂಬಿಸುತ್ತಾರೆ.

ನಮ್ಮ ಕಡೆಯ ಬಯಲಿನಲ್ಲಿ ಇಂಥ ಹುಡುಕಾಟಕ್ಕೆ ಕೆಲಸ ಕಡಿಮೆ. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಬಂದು ಸೇರಿದವು. ಆದರೆ ಸುತ್ತಲೂ ಎರೆಭೂಮಿ, ಬಯಲು. ಇಲ್ಲಿನ ಕಲ್ಲುಗುಡ್ಡಗಳೂ ದ್ವೀಪಗಳ ಹಾಗೆ ಬಿಡಿಬಿಡಿಯಾಗಿ ನಿಂತಿವೆ. ರೈಲು ಪಕ್ಕಕ್ಕೆ ಸರಿದು ಹೋದರೆ ಆಯಿತು, ಕೊರೆಯುವ ಖರ್ಚು ಯಾಕೆ? ಘಟ್ಟ ಹಾಗಲ್ಲ, ಅದು ಗೋಡೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ.

ಕಟ್ಟಿದ ಸುರಂಗವನ್ನು ಬಿಡುವುದು ಯಾಕೆ? ಒಂದು ದೊಡ್ಡ ಕಾರಣ ಅಳತೆ. ಮೀಟರ್ ಗೇಜ್ ಹಳಿಗಳ ನಡುವೆ 1,000 ಮಿಲಿಮೀಟರ್, ಬ್ರಾಡ್ ಗೇಜಿಗೆ 1,676. ಹಳಿ ಬ್ರಾಡ್ ಗೇಜಿಗೆ ಬದಲಾದರೆ ಬೋಗಿಯೂ ಅಗಲ, ಮೇಲೆ ಕರೆಂಟ್ ತಂತಿ ಬಂದರೆ ಎತ್ತರವೂ ಜಾಸ್ತಿ ಬೇಕು. ಹಳೆಯ ಸುರಂಗವನ್ನು ಅಗಲ ಮಾಡಬೇಕು, ಇಲ್ಲವೇ ಪಕ್ಕದಲ್ಲೇ ಹೊಸದು ಕೊರೆಯಬೇಕು.

ಪಟ್ಟಿಯ ಕಷ್ಟ ಶುರುವಾಗುವುದು ಇಲ್ಲಿ. "ಬಿಟ್ಟದ್ದು" ಅಂದರೆ ಏನು? ಇಂಗ್ಲೆಂಡಿನ ವುಡ್‌ಹೆಡ್‌ನಲ್ಲಿ ಸುಮಾರು 4.8 ಕಿಲೋಮೀಟರಿನ ಮೊದಲ ಸುರಂಗದಲ್ಲಿ ರೈಲು ಓಡಲು ಶುರುವಾದದ್ದು 1845ರಲ್ಲಿ, ಜೋಡಿ ಸುರಂಗದಲ್ಲಿ 1850ರ ದಶಕದ ಆರಂಭದಲ್ಲಿ. 1954ರಲ್ಲಿ ಪಕ್ಕದಲ್ಲಿ ಹೊಸದು ಬಂದ ಮೇಲೆ ಈ ಎರಡರಲ್ಲೂ ರೈಲು ನಿಂತಿತು. ಆಮೇಲೆ ಅವುಗಳಲ್ಲಿ ಒಂದರೊಳಗೆ ಹೈವೋಲ್ಟೇಜ್ ಕೇಬಲ್ ಎಳೆದರು. ರೈಲು ಬಿಟ್ಟಿತು, ಕರೆಂಟ್ ಬಿಡಲಿಲ್ಲ! ಕಾಲ್ಕಾ–ಶಿಮ್ಲಾ ಹಾದಿಯಲ್ಲಿ ಇನ್ನೊಂದು ಪೇಚು. ಸುರಂಗಗಳ ಸಂಖ್ಯೆ 103ರವರೆಗೆ ಇದೆ, ಇರುವ ಸುರಂಗಗಳು 102. 46ನೆಯದು ಇಲ್ಲವಾದರೂ ಉಳಿದವುಗಳ ನಂಬರ್ ಬದಲಾಗಿಲ್ಲ. ನನಗೆ ಇದೇ ಸರಿ ಅನಿಸುತ್ತದೆ. ನಂಬರ್ ತಿದ್ದಿದರೆ ಹಳೆಯ ಕಾಗದಗಳೆಲ್ಲ ಸುಳ್ಳು ಹೇಳಲು ಶುರು ಮಾಡುತ್ತವೆ.

ಅದೇ ಹಾದಿಯ ಬರೋಗ್‌ನಲ್ಲಿ ಎರಡೂ ಕಡೆಯಿಂದ ತೋಡಿ, ನಡುವೆ ಸಂಧಿಸದೆ ಕೈಬಿಟ್ಟ ಸುರಂಗವಿದೆ. ಆಮೇಲೆ ಬೇರೆ ಕಡೆ ಕೊರೆದದ್ದು 1,143 ಮೀಟರಿನದು, ಇವತ್ತಿಗೂ ರೈಲು ಓಡುವುದು ಅದರಲ್ಲೇ. ಮೊದಲಿನದರಲ್ಲಿ ಒಂದು ರೈಲೂ ಓಡಲಿಲ್ಲ. ಅದು "ರೈಲು ಸುರಂಗ"ವೇ? ಪಟ್ಟಿಯಲ್ಲಿ ಬೇರೆ ಕಾಲಂ ಮಾಡಿ ಬರೆಯುವುದೇ ಮೇಲು. ಉಗಿಬಂಡಿ ಓಡಿದ ಸುರಂಗದ ಚಾವಣಿಗೆ ಮಸಿ ಮೆತ್ತಿರುತ್ತದೆ. ಮಸಿ ಇಲ್ಲದಿದ್ದರೆ ಉಗಿಯ ಕಾಲ ಕಂಡಿತ್ತೇ ಅಂತ ಅನುಮಾನಿಸಬಹುದು.

ಮಾವನ ಸುರಂಗಕ್ಕೆ ಬರೋಣ. ಕೊಪ್ಪಳದಿಂದ ಹಂಪಿಗೆ ನೇರವಾಗಿ ಹೋದರೂ 30 ಕಿಲೋಮೀಟರ್ ದಾಟುತ್ತದೆ. ಒಬ್ಬ ಮನುಷ್ಯ ನಡೆಯುವಷ್ಟು, 1 ಮೀಟರ್ ಅಗಲ 2 ಮೀಟರ್ ಎತ್ತರ ತೋಡಿದರೂ ಹೊರಗೆ ಬೀಳುವುದು 90,000 ಘನ ಮೀಟರ್, ಅಂದರೆ 30,000 ಟ್ರಿಪ್. ಅದೂ ಅಲ್ಲದೆ ನಡುವೆ ತುಂಗಭದ್ರೆ ಇದ್ದಾಳೆ. ರೈಲು ಸುರಂಗಕ್ಕೆ ಸಾಮಾನ್ಯವಾಗಿ ಬಾಯಿಯ ಕಡೆಗೆ ಇಳಿಜಾರು ಕೊಡುತ್ತಾರೆ, ಜಿನುಗಿದ ನೀರು ತಾನೇ ಹರಿದು ಹೋಗಲಿ ಅಂತ. ನದಿಯ ಕೆಳಗೆ ಹೋಗುವ ಸುರಂಗ ನಡುವೆ ತಗ್ಗಬೇಕು, ನೀರು ಅಲ್ಲೇ ನಿಲ್ಲುತ್ತದೆ. ಪಂಪ್ ಇಲ್ಲದ ಕಾಲದಲ್ಲಿ ಎತ್ತಿ ಹಾಕುವವರು ಯಾರು?

ಹಾಗಾದರೆ ಆ ಸಂದು? ಗ್ರಾನೈಟ್ ಬಿರುಕುಗಳಲ್ಲಿ ನೀರು ಇಳಿದು ಲಕ್ಷಾಂತರ ವರ್ಷ ಕಲ್ಲನ್ನು ತಿನ್ನುತ್ತದೆ. ಮೆತ್ತಗಾದದ್ದು ಕೊಚ್ಚಿಹೋಗಿ ಗಟ್ಟಿ ಗುಂಡುಗಳು ಒಂದರ ಮೇಲೊಂದು ಉಳಿಯುತ್ತವೆ. ನಡುವಿನ ಪೊಳ್ಳೇ ನಮ್ಮ ಗವಿ.

ಮಾವ ಎಲ್ಲ ಕೇಳಿ, "ಮಣ್ಣು ಎಲ್ಲಿ ಹೋತು ಅಂದ್ರ, ಅದೇ ಕಲ್ಲಿನಾಗ ಕೋಟಿ ಕಟ್ಟ್ಯಾರ ನೋಡು" ಅಂದರು. ಒಳ್ಳೇ ಉತ್ತರ! ಒಂದು ನಿಮಿಷ ನಾನೂ ತಡವರಿಸಿದೆ. ಆದರೆ ಸುರಂಗದಿಂದ ಬರುವುದು ಚೂರು, ಕೋಟೆಗೆ ಬೇಕಾದದ್ದು ದಿಮ್ಮಿ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕದ ಗುಳಿಗಳಿವೆ. ಬೆಣೆ ಬಡಿದು ಕಲ್ಲು ಸೀಳಿದ ಗುರುತು ಅವು. ಗಣಿ ಇದ್ದದ್ದು ಬಿಸಿಲಿನಲ್ಲೇ. ಕೊಪ್ಪಳದ ಗುಡ್ಡದಲ್ಲೂ ಆ ಸಾಲು ಇದೆಯಾ ನೋಡೋಣ ಅಂತ ಇಬ್ಬರೂ ಇಳಿಯುತ್ತಾ ಒಂದೊಂದೇ ಬಂಡೆ ತಡವತೊಡಗಿದೆವು.